ಕಾಮ್ರೇಡ್ ಸಾವಕಾರರ ಮನೆ

ನಮ್ಮ ಮನೆಯಲ್ಲಿ ಬೆಕ್ಕಿಗೂ ಒಂದು ವಾದವಿತ್ತು. ಅಡುಗೆಮನೆಯಲ್ಲಿ ಅವ್ವನ ಕಾಲಿಗೆ ಮೈ ಉಜ್ಜಿ ಹಾಲು ಕುಡಿದು, ಪಡಸಾಲೆಗೆ ಬಂದು ಅಪ್ಪನ ತೊಡೆಯ ಮೇಲೆ ಮಲಗುತ್ತಿದ್ದ ಆ ಕರಿಬೆಕ್ಕನ್ನು ಅಪ್ಪ ಅವಕಾಶವಾದಿ ಎಂದು ಕರೆಯುತ್ತಿದ್ದ. ದಿನಾ ಬೆಳಗ್ಗೆ ಪೂಜೆ ಮಾಡುತ್ತಿದ್ದ ಅವ್ವ ಸನಾತನಿ. ಕನಮಡಿಯಲ್ಲಿ ಹತ್ತಿ ವ್ಯಾಪಾರ ಮಾಡಿ ಹೊಸ ಸೈಕಲ್ಲು ಕೊಂಡಿದ್ದ ಸೋದರಮಾವ ಬಂಡವಾಳಶಾಹಿ. ಖಾದಿ ಟೊಪ್ಪಿಗೆ ಹಾಕುತ್ತಿದ್ದ ಎದುರು ಮನೆಯ ಹಿರಿಯರು ಸುಧಾರಣಾವಾದಿ. ಅಪ್ಪನ ಲೆಕ್ಕದಲ್ಲಿ ಅದು ಪ್ರತಿಗಾಮಿಗಿಂತ ಒಂದು ಮೆಟ್ಟಿಲು ಕೆಳಗೆ. ಅಪ್ಪ ಮಾತ್ರ ಸಾಮ್ಯವಾದಿ. ಮನೆಗೆ ಯಾರೇ ಬರಲಿ, ಚಹಾ ಬರುವ ಮೊದಲು ನನ್ನನ್ನು ಕರೆದು ನಿಲ್ಲಿಸಿ ಕೇಳುತ್ತಿದ್ದ.

"ಶಕ್ಕೂ, ನೀ ಯಾರು?"

"ನಾ ಸಾಮ್ಯವಾದಿ."

"ಅಂದ್ರೇನು?"

"ಉಳಾವಂಗ ಭೂಮಿ, ದುಡ್ಯಾವಂಗ ಕೂಳು."

ಬಂದವರು ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಸರಿಯಾದ ಉತ್ತರಕ್ಕೆ ತಲೆ ಅಲ್ಲಾಡಿಸಿ ಒಳಗೆ ಕಳಿಸುತ್ತಿದ್ದ. ನನಗಾಗ ಹನ್ನೊಂದು ವರ್ಷ. ಆ ಮಾತನ್ನು ನಾನು ಮನೆತನದ ಅಡ್ಡಹೆಸರು ಹೇಳುವಷ್ಟೇ ನಿಶ್ಚಿಂತೆಯಿಂದ ಹೇಳುತ್ತಿದ್ದೆ.

ತಿಕೋಟಾದ ಆ ಮನೆ ಮಣ್ಣಿನ ಮಾಳಿಗೆಯದು. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ಜೋಳದ ಚೀಲಗಳ ಕತ್ತಲ ಕೋಣೆ, ಕೊನೆಯಲ್ಲಿ ಹೊಗೆ ತುಂಬಿದ ಅಡುಗೆಮನೆ. ಪಡಸಾಲೆಯ ಗೋಡೆಗೆ ಅಪ್ಪ ಗಡ್ಡದ ವಿದೇಶಿ ಹಿರಿಯರೊಬ್ಬರ ಚಿತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದ. ದಸರೆಯಲ್ಲಿ ಅವ್ವ ದೇವರ ಫೋಟೋಗಳಿಗೆಲ್ಲ ಕುಂಕುಮ ಹಚ್ಚುತ್ತ ಬಂದು ಆ ಗಡ್ಡದವರ ಹಣೆಗೂ ಒಂದು ಬೊಟ್ಟು ಇಟ್ಟುಬಿಟ್ಟಳು. ಅಪ್ಪ ಕೆಂಡವಾದ. ಅವ್ವ ಬಟ್ಟೆಯಿಂದ ಗಾಜು ಒರೆಸುತ್ತ ಹೇಳಿದಳು.

"ಗ್ವಾಡಿಗಿ ಏರಿಸಿದ ಮ್ಯಾಲೆ ಎಲ್ಲಾರೂ ದೇವ್ರ ರೀ. ನನಗೇನ ಗೊತ್ತು, ಇವರೊಬ್ಬರಿಗೆ ಕುಂಕುಮ ಆಗಿಬರಂಗಿಲ್ಲ ಅಂತ."

"ಸನಾತನಿ ಅಂದ್ರ ಸನಾತನಿ!"

"ಹೂಂ, ಹಂಗ ಅನ್ರಿ. ರೊಟ್ಟಿ ಆರಾಕತ್ತಾವು, ಬರ್ರಿ."

ಹೊಸ ಭೂಸುಧಾರಣೆ ಕಾನೂನಿನ ಮಾತು ಸುತ್ತಲ ಹಳ್ಳಿಗಳಲ್ಲೆಲ್ಲ ಹರಡಿದ್ದ ಕಾಲ ಅದು. ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು ತಮ್ಮ ಹಕ್ಕು ಕಾಯಂ ಮಾಡಿ ಎಂದು ಸರ್ಕಾರಕ್ಕೆ ಅರ್ಜಿ ಕೊಡಬಹುದಿತ್ತು. ಬಹಳ ಮಂದಿಗೆ ಓದು ಬರಹ ಇರಲಿಲ್ಲ. ಅಪ್ಪ ಪುಕ್ಕಟೆಯಾಗಿ ಅರ್ಜಿ ಬರೆದು ಕೊಡಲು ಕೂತ. ಪ್ರತಿ ಸೋಮವಾರ ನಮ್ಮ ಕಟ್ಟೆ ತುಂಬುತ್ತಿತ್ತು. ಅಪ್ಪ ಒಂದು ಚೀಟಿಯಲ್ಲಿ ಹೆಸರು, ಊರು, ಹೊಲದ ನಂಬರು ಬರೆದು ನನಗೆ ಕೊಡುತ್ತಿದ್ದ. ಉಳಿದದ್ದೆಲ್ಲ ನನಗೆ ಬಾಯಿಪಾಠ. ನನ್ನ ಅಕ್ಷರ ದುಂಡಗಿದ್ದುದರಿಂದ ಬರೆಯುವ ಕೆಲಸ ನನ್ನದು, ಕೆಳಗೆ "ಬರೆದವರು" ಎಂದು ಹೆಸರು ಹಾಕುವವಳೂ ನಾನೇ. ಅಪ್ಪನದು ಒಂದು ಕಟ್ಟುನಿಟ್ಟಿನ ನೇಮವಿತ್ತು. ಬರೆದ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ನಾನು ಗಟ್ಟಿಯಾಗಿ ಓದಬೇಕು, ಅರ್ಜಿದಾರ ಕೇಳಬೇಕು, ಆಮೇಲೆಯೇ ಹೆಬ್ಬೆಟ್ಟು. ಯಾರಾದರೂ ಅವಸರಕ್ಕೆ ಬೆರಳು ಮುಂದೆ ಚಾಚಿದರೆ ಅಪ್ಪ ಮಸಿಯ ಡಬ್ಬಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ.

"ಕೇಳದ ಒತ್ತಿದ್ರ ಅದು ಗುಲಾಮಗಿರಿ ಆಕ್ಕೈತಿ. ಮೊದಲ ಕೇಳು."

ನಾನು ಓದುವಾಗ ಅಪ್ಪ ಕಣ್ಣು ಮುಚ್ಚಿ ಕೂರುತ್ತಿದ್ದ. ಒಂದು ಪದ ತಪ್ಪಿದರೆ, ನಿಲ್ಲಬೇಕಾದಲ್ಲಿ ನಿಲ್ಲದಿದ್ದರೆ, ಕಣ್ಣು ತೆರೆಯದೆಯೇ ಬೆರಳಿಂದ ನೆಲ ತಟ್ಟಿ ಸರಿಪಡಿಸುತ್ತಿದ್ದ. ಆ ಅರ್ಜಿಗಳಿಂದ ಹೊಲ ಉಳಿಸಿಕೊಂಡವರು ನಿಜವಾಗಿಯೂ ಇದ್ದಾರೆ. ಅವರಲ್ಲಿ ಕೆಲವರ ಮನೆಗಳಲ್ಲಿ ಅಪ್ಪನ ಫೋಟೋ ಇರುವುದನ್ನು ನಾನೇ ನೋಡಿದ್ದೇನೆ. ಇದನ್ನು ಮೊದಲೇ ದಾಖಲಿಸದಿದ್ದರೆ ಮುಂದಿನದನ್ನು ಬರೆಯುವ ಹಕ್ಕು ನನಗಿರುವುದಿಲ್ಲ.

ಬಬಲೇಶ್ವರದಲ್ಲಿ ನಮ್ಮದೂ ಆರು ಕೂರಿಗೆ ಹೊಲ ಇತ್ತು. ಅಪ್ಪನ ತಾಯಿಯ ಕಡೆಯಿಂದ ಬಂದ ಎರೆ ಭೂಮಿ. ಅದನ್ನು ದಾವಲಸಾಬ ಪಾಲಿಗೆ ಮಾಡುತ್ತಿದ್ದ. ಅವನಿಗಿಂತ ಮೊದಲು ಅವನ ಅಪ್ಪ ಮಾಡಿದ್ದ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಚಳಿಗಾಲದಲ್ಲಿ ಎಳೆ ಜೋಳದ ತೆನೆ ಸುಟ್ಟು ತಿಕ್ಕಿದ ಸೀತನಿಯನ್ನು ಧೋತರದ ಚುಂಗಿನಲ್ಲಿ ಕಟ್ಟಿ ತಂದು, "ತಿನ್ನವಾ, ಹಲ್ಲಿಗೆ ಹಗುರ, ಹೊಟ್ಟಿಗೆ ಭಾರ" ಎಂದು ನನ್ನ ಬೊಗಸೆಗೆ ಸುರಿಯುತ್ತಿದ್ದ. ಅಪ್ಪ ಅವನಿಗೆ "ಸಾವಕಾರ್ರ" ಅನ್ನಬೇಡ, "ಕಾಮ್ರೇಡ್" ಅನ್ನು ಎಂದು ಹೇಳಿಕೊಟ್ಟಿದ್ದ. ದಾವಲಸಾಬ ಕಾಕಾ ಯಾರ ಮನಸ್ಸನ್ನೂ ನೋಯಿಸುವವನಲ್ಲ. ಹಳೆಯದನ್ನು ಬಿಡಲಿಲ್ಲ, ಹೊಸದನ್ನೂ ಬಿಡಲಿಲ್ಲ. "ಕಾಮ್ರೇಡ್ ಸಾವಕಾರ್ರ" ಎಂದು ಕರೆಯತೊಡಗಿದ. ಊರೆಲ್ಲ ಅದನ್ನೇ ಹಿಡಿಯಿತು. ನಮ್ಮ ಮನೆ ಕಾಮ್ರೇಡ್ ಸಾವಕಾರರ ಮನೆಯಾಯಿತು. ಆ ಎರಡು ಮಾತು ಒಂದರ ಪಕ್ಕ ಒಂದು ಹೇಗೆ ಕೂತಿವೆ ಎಂದು ಯಾರೂ ಕೇಳಲಿಲ್ಲ. ಅಪ್ಪ ಒಮ್ಮೆ ಚಹಾ ಕುಡಿಯುತ್ತ ಅವನನ್ನೂ ಕೇಳಿದ್ದ.

"ದಾವಲಸಾಬ, ನೀ ಯಾವ ಪಾರ್ಟಿ?"

"ನಂದ ಬಿಳಿಜ್ವಾಳದ ಪಾರ್ಟಿ ರೀ. ಮಳಿ ಬಂದ್ರ ಝೇಂಡಾ ಏರಸ್ತೀವಿ, ಬರ್ದಿದ್ರ ಇಳಿಸಿ ಹೊಚಗೊಂಡ ಮಲಗ್ತೀವಿ."

ಅಪ್ಪ ನಕ್ಕ. ಆದರೆ ಅದನ್ನು ಒಂದು ಗುರುತು ಎಂದು ಅವನು ಒಪ್ಪಿದಂತೆ ಕಾಣಲಿಲ್ಲ. ಎಲ್ಲರಿಗೂ ಹೆಸರಿಟ್ಟ ಅಪ್ಪ ದಾವಲಸಾಬನಿಗೆ ಏನನ್ನೂ ಇಡಲಿಲ್ಲ.

ಹಿಂಗಾರಿ ಬಿತ್ತಿಗೆ ಮುಗಿದಿದ್ದ ಒಂದು ಸೋಮವಾರ ದಾವಲಸಾಬ ಕಾಕಾ ನಮ್ಮ ಕಟ್ಟೆಯ ಮೇಲೆ, ಮಂದಿಯ ಕೊನೆಯಲ್ಲಿ ಕೂತಿದ್ದ. ಸೀತನಿಯ ಕಾಲ ಅಲ್ಲವಾದ್ದರಿಂದ ಯಾಕೆ ಬಂದಿದ್ದಾನೆಂದು ನನಗೆ ತಿಳಿಯಲಿಲ್ಲ. ಅವನ ಸರದಿ ಬಂತು.

"ಎಲ್ಲಾರದ್ದೂ ಬರದ ಕೊಡಾಕತ್ತೀರಂತ, ಕಾಮ್ರೇಡ್ ಸಾವಕಾರ್ರ. ಬಬಲೇಶ್ವರ ತುಂಬ ನಿಮ್ಮದ ಸುದ್ದಿ. ನಂದೂ ಒಂದ ಬರದ ಬಿಡ್ರಿ."

ಯಾರ ಹೊಲದ ಮೇಲೆ ಹಕ್ಕು ಕೇಳಬೇಕೋ ಆ ಮಾಲಕನ ಬಳಿಗೇ ಬಂದು, ನಿಮ್ಮ ವಿರುದ್ಧ ನನ್ನ ಅರ್ಜಿ ಬರೆದುಕೊಡಿ ಎಂದು ಕೇಳಿದ. ಅವನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕಟ್ಟೆಯ ಮೇಲೆ ಕೂತವರಿಗೂ ಕಾಣಲಿಲ್ಲ. "ಹೌದಲ್ಲ, ನಿಂದೊಂದು ಉಳದಿತ್ತು ನೋಡು" ಎಂದು ಒಬ್ಬರು ಅಂದರು. ಅಪ್ಪ ತನ್ನನ್ನು ಏನೆಂದು ಹೇಳಿಕೊಂಡಿದ್ದನೋ ಅದನ್ನು ಅವರು ಪೂರ್ತಿಯಾಗಿ ನಂಬಿದ್ದರು. ನಿಜ ಹೇಳಬೇಕೆಂದರೆ ನನಗೂ ಏನೂ ಅನ್ನಿಸಲಿಲ್ಲ. ಚೀಟಿಗಾಗಿ ಕೈ ಚಾಚಿದೆ.

ಅಪ್ಪ ಚೀಟಿ ಕೊಡಲಿಲ್ಲ. ಎದ್ದು ಒಳಗೆ ಹೋದ. ಸುಮಾರು ಹೊತ್ತಿನ ಮೇಲೆ ಬಂದು ಒಂದು ಪೂರಾ ಹಾಳೆಯ ಕರಡನ್ನು ನನ್ನ ಮುಂದೆ ಇಟ್ಟ. "ಇದನ್ನ ನೋಡಿ ನಕಲ ಮಾಡು," ಅಂದ. ನಾನು ಬರೆಯತೊಡಗಿದೆ. ಮೊದಲ ಸಾಲು ಎಂದಿನದೇ, "ಕೆಳಗೆ ಹೆಬ್ಬೆಟ್ಟು ಒತ್ತಿದ ನಾನು." ಎರಡನೆಯ ಸಾಲಿನಿಂದ ಬೇರೆ. "ಸದರಿ ಜಮೀನನ್ನು ನಾನು ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ, ಮಾಲಕರಿಗೆ ಬಿಟ್ಟುಕೊಟ್ಟಿದ್ದು, ಇನ್ನು ಮುಂದೆ ಅದರ ಮೇಲೆ ನನ್ನದಾಗಲಿ ನನ್ನ ವಾರಸುದಾರರದಾಗಲಿ ಯಾವ ಹಕ್ಕೂ ಇರುವುದಿಲ್ಲ." ನನ್ನ ಕೈ ದುಂಡಗಿನ ಅಕ್ಷರಗಳನ್ನು ಬರೆಯುತ್ತಲೇ ಹೋಯಿತು. ಹನ್ನೊಂದರ ಹುಡುಗಿಗೆ ಆ ಭಾಷೆ ತಿಳಿಯುವುದಿಲ್ಲ ಎಂದು ಅಪ್ಪ ತಿಳಿದಿದ್ದಿರಬಹುದು. ಅಂಥ ಭಾಷೆಯನ್ನು ನನಗೆ ಕಲಿಸಿದವನೇ ಅವನು.

ಬರೆದು ಮುಗಿಸಿ, ಹೆಸರು ಹಾಕಿ, ಕಾಗದ ಹಿಡಿದು ಕೂತೆ. ನೇಮದಂತೆ ಈಗ ಓದಬೇಕು. ದಾವಲಸಾಬ ಕಾಕಾ ರುಮಾಲು ತೆಗೆದು ತೊಡೆಯ ಮೇಲಿಟ್ಟು, ಕಿವಿ ನನ್ನ ಕಡೆ ಮಾಡಿ ಕೂತ. ನಾನು ಅಪ್ಪನನ್ನು ನೋಡಿದೆ; ಅಪ್ಪ ಆಗಲೇ ಕಣ್ಣು ಮುಚ್ಚಿದ್ದ. ಮೊದಲ ಸಾಲು ಓದಿದೆ. ಎರಡನೆಯ ಸಾಲಿಗೆ ಬಂದಾಗ ಕಾಗದದ ಮೇಲಿನ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ವಾರವಾರವೂ ಓದಿದ್ದ ಹಳೆಯ ಮಾತು. "ಸದರಿ ಜಮೀನನ್ನು ನನ್ನ ತಂದೆಯ ಕಾಲದಿಂದಲೂ ಖುದ್ದಾಗಿ..." ಅಲ್ಲಿ ಒಂದು ಕ್ಷಣ ಉಸಿರು ಕಟ್ಟಿ ನಿಂತೆ. ಅಪ್ಪನ ಬೆರಳು ನೆಲ ತಟ್ಟುವುದನ್ನು ಕಾದೆ. ತಟ್ಟಿದರೆ ತಪ್ಪು ಸರಿಯಾಗುತ್ತದೆ, ಕಾಕಾನಿಗೆ ನಿಜ ಕೇಳಿಸುತ್ತದೆ, ಮುಂದಿನದು ದೊಡ್ಡವರ ಪಾಲಿಗೆ. ಅಪ್ಪನ ಬೆರಳು ಅಲ್ಲಾಡಲಿಲ್ಲ. ಮುಂದುವರಿಸಿದೆ. "...ಖುದ್ದಾಗಿ ಉಳುಮೆ ಮಾಡುತ್ತ ಬಂದಿದ್ದು, ಅದರ ಮೇಲೆ ನನಗಿರುವ ಹಕ್ಕನ್ನು ಕಾಯಂ ಮಾಡಬೇಕಾಗಿ ವಿನಂತಿ." ಒಂದು ಪದ ತಪ್ಪಿದರೂ ತಡೆಯುತ್ತಿದ್ದ ಅಪ್ಪ ಇಡೀ ಅರ್ಜಿ ಬೇರೆಯಾದರೂ ತಡೆಯಲಿಲ್ಲ. ಕಣ್ಣು ತೆರೆದ.

"ಹೂಂ. ಕೇಳಿದೆಲ್ಲ? ಒತ್ತು."

ದಾವಲಸಾಬ ಕಾಕಾ ಒತ್ತಿದ. ಮಸಿಯ ಬೆರಳನ್ನು ಗೋಡೆಗೆ ಒರೆಸದೆ, ತನ್ನ ಧೋತರಕ್ಕೇ ಒರೆಸಿಕೊಂಡ. ಹೋಗುವಾಗ ನನ್ನ ತಲೆ ಮುಟ್ಟಿ, "ಎಷ್ಟ ಛಂದ ಓದ್ತಾಳ್ರಿ ಕೂಸು, ಕಿವಿಗೆ ತಂಪಾತು" ಅಂದ.

ಅಂಥ ಬಿಟ್ಟುಕೊಡುವ ಕಾಗದ ಒಪ್ಪಿಗೆಯಾಗಬೇಕಾದರೆ ಮಾಮಲೇದಾರರ, ಅಂದರೆ ತಹಶೀಲದಾರರ, ಮುಂದೆ ವಿಚಾರಣೆ ಆಗಬೇಕು. ರೈತ ನಿಜವಾಗಿ ತನ್ನ ಇಚ್ಛೆಯಿಂದಲೇ ಬಿಟ್ಟನೇ ಎಂದು ಅವರು ಕೇಳಬೇಕು. ಎರಡು ತಿಂಗಳ ಮೇಲೆ ವಿಜಾಪುರದ ಕಚೇರಿಯಿಂದ ಕರೆ ಬಂತು, ಬರೆದವರೂ ಬರಬೇಕೆಂದು. ಅಪ್ಪ ನನ್ನನ್ನು ಬಸ್ಸಿನಲ್ಲಿ ಕರೆದೊಯ್ದ. ದಾರಿಯುದ್ದಕ್ಕೂ ಹೊಲಗಳಲ್ಲಿ ಜೋಳ ತೆನೆ ಹಿರಿದು ನಿಂತಿತ್ತು. ಅಪ್ಪ ಸಾಲಿಯ ಪಾಠ ಕೇಳಿದ, ಕಬ್ಬಿನ ಹಾಲು ಕುಡಿಸಿದ, ವಿಚಾರಣೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೀಗೆ ಹೇಳು, ಹಾಗೆ ಹೇಳು ಎಂದು ಅವನು ನನಗೆ ಹೇಳಿಕೊಡಲಿಲ್ಲ. ಇದನ್ನೂ ದಾಖಲಿಸಬೇಕು.

ಕಚೇರಿಯ ಎತ್ತರದ ಕೋಣೆಯಲ್ಲಿ ದಾವಲಸಾಬ ಕಾಕಾ ಬಾಗಿಲ ಬಳಿ ನಿಂತಿದ್ದ. ನಮ್ಮನ್ನು ನೋಡಿ ನಕ್ಕ. ತನ್ನ ಅರ್ಜಿ ಪಾಸಾಯಿತು, ಅದಕ್ಕೇ ಕರೆದಿದ್ದಾರೆ ಎಂದುಕೊಂಡಿದ್ದ. ಕನ್ನಡಕದ ಅಧಿಕಾರಿ ಕಾಗದ ಬಿಚ್ಚಿ ಓದಿದರು. "ಸ್ವಖುಷಿಯಿಂದ" ಎಂಬಲ್ಲಿಗೆ ಬಂದಾಗ ಕಾಕಾ ಕೈ ಎತ್ತಿದ.

"ಅದು ನಂದಲ್ಲರಿ ಸಾಹೇಬ್ರ. ಬ್ಯಾರೇದವರದ ತಗದೀರಿ."

"ಹೆಬ್ಬಟ್ಟ ನಿಂದ ಐತಿಲ್ಲೋ?"

"ಹೆಬ್ಬಟ್ಟ ನಂದಿರಬೇಕ್ರಿ. ಮಾತು ನಂದಲ್ಲ. ನಂದ ಹಿಂಗ ಇತ್ರಿ."

ಆಮೇಲೆ ಅವನು ಹೇಳತೊಡಗಿದ. ಓದು ಬಾರದ ಮನುಷ್ಯ, ಒಂದೇ ಸಲ ಕೇಳಿದ್ದನ್ನು, ಎರಡು ತಿಂಗಳ ಮೇಲೆ, ಒಂದು ಅಕ್ಷರವೂ ತಪ್ಪದೆ ಹೇಳಿದ. ಕೆಳಗೆ ಹೆಬ್ಬೆಟ್ಟು ಒತ್ತಿದ ನಾನು. ಸದರಿ ಜಮೀನನ್ನು. ನನ್ನ ತಂದೆಯ ಕಾಲದಿಂದಲೂ ಖುದ್ದಾಗಿ. ಅಲ್ಲಿ ನಿಂತ. ನಾನು ಎಲ್ಲಿ ಉಸಿರು ಕಟ್ಟಿ ನಿಂತಿದ್ದೆನೋ ಅಲ್ಲೇ, ಅಷ್ಟೇ ಹೊತ್ತು ನಿಂತು, ಮುಂದಕ್ಕೆ ಹೋದ. ಆ ದಿನದ ಮೇಲೆ, ಪತ್ರಿಕೆಯ ಕೆಲಸಕ್ಕೆ ಸೇರಿದ ನಂತರ, ಎಷ್ಟೋ ಅಪಘಾತ, ಬೆಂಕಿ, ಗಲಭೆಗಳ ಸುದ್ದಿ ನನ್ನ ಮೇಜಿಗೆ ಬಂದಿವೆ. ಆ ನಿಲುಗಡೆಯಷ್ಟು ಯಾವುದೂ ನನ್ನನ್ನು ನಡುಗಿಸಿಲ್ಲ.

ಅಧಿಕಾರಿ ಕನ್ನಡಕ ತೆಗೆದರು. "ಇದನ್ನ ಬರದಾಕಿ, ಓದಿದಾಕಿ ನೀನೇನವಾ?" ಅಂದರು. ಹೌದೆಂದೆ. "ಅವತ್ತ ಏನ್ ಓದಿದಿ?" ಅಂದರು. ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ಶಾಂತವಾಗಿ, ಕಟ್ಟೆಯ ಮೇಲೆ ಪಾಠ ಕೇಳುವ ದನಿಯಲ್ಲೇ ಹೇಳಿದ.

"ಹೆದರಬ್ಯಾಡ ಶಕ್ಕೂ. ಖರೇ ಏನೈತಿ ಅದನ್ನ ಹೇಳು."

ನಾನು ಹೇಳಿದೆ:

"ಕಾಗದದಾಗ ಏನ್ ಬರದಿತ್ತು, ಅದನ್ನ ಓದೇನ್ರಿ."

ಅಧಿಕಾರಿ ಕಾಕಾನತ್ತ ತಿರುಗಿ ದನಿ ಏರಿಸಿದರು. ಸಣ್ಣ ಹುಡುಗಿಯನ್ನು ಸುಳ್ಳಿ ಮಾಡುತ್ತೀಯಾ, ಹಾಗಾದರೆ ಅವಳ ಮೇಲೆ ಫಿರ್ಯಾದಿ ಬರೆದುಕೊಡು, ಅವಳನ್ನೇ ಇಲ್ಲಿ ನಿಲ್ಲಿಸಿ ಕೇಳೋಣ ಎಂದರು. ದಾವಲಸಾಬ ಕಾಕಾ ನನ್ನನ್ನು ನೋಡಿದ. ಬಹಳ ಹೊತ್ತೇನಲ್ಲ. ಆಮೇಲೆ ರುಮಾಲು ಸರಿಮಾಡಿಕೊಂಡ.

"ಬ್ಯಾಡ್ರಿ ಸಾಹೇಬ್ರ. ಕೂಸದು. ನನ್ನ ಕಿವೀನ ತಪ್ಪಿರಬೇಕು. ಬರಕೋರಿ."

ಮರಳುವ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತ. ಊರು ಹತ್ತಿರವಾದಾಗ ಬೇಸರದಿಂದ ಮಾತಾಡಿದ.

"ಆ ಅಧಿಕಾರಿ ಪಕ್ಕಾ ಊಳಿಗಮಾನ್ಯ ಮನುಷ್ಯಾ. ಬಡವನ ಮ್ಯಾಲೆ ಹೆಂಗ ಒದರಿದ ನೋಡಿದೇನು?"

ಅಪ್ಪ ಅದನ್ನು ನಟಿಸುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ನನ್ನನ್ನು ದಿಗಿಲುಗೊಳಿಸಿದ್ದು ಸುಳ್ಳಿಗಿಂತ ಹೆಚ್ಚಾಗಿ ಈ ಸಿಟ್ಟು.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಏನಾಯಿತೆಂದು ಕೇಳಿದಳು. ಕಟ್ಟೆಯ ಮೇಲಿನದೂ ಕಚೇರಿಯದೂ ಎಲ್ಲ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ಹಿಟ್ಟು ಮುಗಿಯುವವರೆಗೆ ಬಡಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಆ ಕಾಗದದಾಗ ಇದ್ದದ್ದು ನಿನಗ ಬಾಯಿಪಾಠ ಐತೇನು?"

ಐತಿ ಎಂದೆ. ಅಪ್ಪ ಊಟಕ್ಕೆ ಕೂತ. ಅವ್ವ ಪಲ್ಯ ಬಡಿಸಿದಳು, ಶೇಂಗಾ ಹಿಂಡಿ ಹಾಕಿದಳು, ಎದುರಿಗೆ ಕೂತಳು.

"ಅವಂಗ ಓದಿ ಹೇಳಿದ್ದ ಒಂದು, ಬರದದ್ದ ಒಂದಂತಲ್ರಿ?"

"ನಿನಗ ತಿಳಿಯೂದಿಲ್ಲ. ನಾವೇನ ಜಮೀನದಾರರಲ್ಲ. ಜಮೀನದಾರ ಅಂದ್ರ ವಾಡೆ ಇದ್ದಾವ. ನಮ್ಮದ ಆರ ಕೂರಿಗಿ. ಅದೂ ಹ್ವಾದ್ರ ಮಂದೀದು ಅರ್ಜಿ ಪುಕ್ಕಟೆ ಬರಿಯಾವ ಯಾರು? ಚಳವಳಿ ನಡಸಾವ ಯಾರು?"

"ಹಂಗಾರ ಅವ ಯಾರ್ರಿ?"

"ಯಾವ?"

"ದಾವಲಸಾಬ. ಎಲ್ಲಾರಿಗೂ ಒಂದೊಂದ ಹೆಸರ ಇಟ್ಟೀರಿ. ಬೆಕ್ಕಿಗೂ ಇಟ್ಟೀರಿ. ಅವಂಗೇನ ಇಟ್ಟೀರಿ?"

ಅಪ್ಪ ನೀರು ಕುಡಿದ. ಮರುವಾರ ಸೋಮವಾರ ಎಂದಿನಂತೆ ಕಟ್ಟೆ ತುಂಬಿತು, ನಾನು ಎಂದಿನಂತೆ ಬರೆದೆ, ಅಪ್ಪ ಎಂದಿನಂತೆ, "ಕೇಳದ ಒತ್ತಬ್ಯಾಡ" ಅಂದ. ಅಂದು ಬರೆದ ಅರ್ಜಿಗಳಲ್ಲಿ ಮೋಸವಿರಲಿಲ್ಲ. ಅಪ್ಪ ಕೊನೆಯವರೆಗೂ ತನ್ನನ್ನು ಸಾಮ್ಯವಾದಿ ಎಂದೇ ತಿಳಿದಿದ್ದ. ಸುಳ್ಳು ಪತ್ತೆ ಮಾಡುವ ಯಂತ್ರಕ್ಕೆ ಕೂರಿಸಿ ನೋಡಿದ್ದರೂ ಅದು ಸುಳ್ಳೆಂದು ಬರುತ್ತಿರಲಿಲ್ಲ. ಅವನು ತೀರಿಕೊಂಡಾಗ ನಮ್ಮ ಸುದ್ದಿಮನೆಗೆ ಬಂದ ವರದಿಯಲ್ಲಿ "ಹಿರಿಯ ಸಾಮ್ಯವಾದಿ" ಎಂದಿತ್ತು. ನಾನು ಅದನ್ನು "ಸಾಮ್ಯವಾದಿ ಎಂದು ಗುರುತಿಸಿಕೊಂಡಿದ್ದ" ಎಂದು ತಿದ್ದಿ ಅಚ್ಚಿಗೆ ಕಳಿಸಿದೆ. ನನ್ನ ನಿವೃತ್ತಿಯ ದಿನ ಸಹೋದ್ಯೋಗಿಗಳು ಬರೆದುಕೊಟ್ಟ ಅಭಿನಂದನೆಯ ಹಾಳೆಯಲ್ಲಿ "ಸತ್ಯನಿಷ್ಠ ಪತ್ರಕರ್ತೆ" ಎಂದಿತ್ತು. ಪೆನ್ನು ಕೈಯಲ್ಲೇ ಇತ್ತು. ಆ ಮೊದಲ ಪದವನ್ನೂ ಹೊಡೆದು ಹಾಕಿದೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ಆ ವರ್ಷದ ಎಳ್ಳ ಅಮಾವಾಸ್ಯೆ ವಿಚಾರಣೆಯಾದ ಕೆಲವೇ ದಿನಗಳಿಗೆ ಬಂತು. ಪ್ರತಿ ವರ್ಷ ಅಂದು ಅವ್ವ ಸಜ್ಜಿ ರೊಟ್ಟಿ, ಕಡುಬು, ಬದನೆಕಾಯಿ ಪಲ್ಯ, ಕಾಳುಪಲ್ಯ, ಮೊಸರನ್ನದ ಬುಟ್ಟಿ ಹೊತ್ತು ಬಬಲೇಶ್ವರದ ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಚರಗ ಚೆಲ್ಲಿ, ಅಂದರೆ ಎಡೆಯ ತುತ್ತುಗಳನ್ನು ಹೊಲದ ತುಂಬ ಎರಚಿ, ದಾವಲಸಾಬ ಕಾಕಾನ ಮನೆಯವರೊಡನೆ ಬನ್ನಿ ಗಿಡದ ಕೆಳಗೆ ಕೂತು ಉಣ್ಣುತ್ತಿದ್ದಳು. ಆ ವರ್ಷವೂ ಬುಟ್ಟಿ ಕಟ್ಟಿದಳು. ಅಪ್ಪ ಬರಲಿಲ್ಲ, ಅವನಿಗೆ ಸಭೆ ಇತ್ತು. ಚಕ್ಕಡಿ ಬಬಲೇಶ್ವರಕ್ಕೆ ಬಂದಾಗ ಅವ್ವ ಹೊಲದ ದಾರಿ ಬಿಟ್ಟು ಊರೊಳಕ್ಕೆ ಹೊಡೆಯಲು ಹೇಳಿದಳು. ದಾವಲಸಾಬ ಕಾಕಾನ ಮನೆಯ ಬಾಗಿಲಲ್ಲಿ ಇಳಿದು ಬುಟ್ಟಿಯನ್ನು ಹೊಸ್ತಿಲ ಹೊರಗೆ ಇಟ್ಟಳು. ಕಾಕಾ ಹೊರಗೆ ಬಂದ. ಬುಟ್ಟಿ ನೋಡಿದ.

"ಹೊಲಕ್ಕ ಹೋಗ್ರಿ ತಾಯಿ. ಈಗ ನಿಮ್ಮದ ಐತಿ."

"ನಾ ಚರಗ ಚೆಲ್ಲಾಕ ಬಂದಿಲ್ಲ ದಾವಲಸಾಬ. ಕೂಸಿಂದ ಒಂದ ಓದೂದ ಉಳದೈತಿ." ನನ್ನ ಬೆನ್ನ ಮೇಲೆ ಕೈ ಇಟ್ಟು ಮುಂದೆ ನೂಕಿದಳು. "ಓದವಾ."

ನನ್ನ ಕೈಯಲ್ಲಿ ಕಾಗದ ಇರಲಿಲ್ಲ. ಬೀದಿಯಲ್ಲಿ ನಿಂತು, ಅಪ್ಪ ಕಲಿಸಿದ ಗಟ್ಟಿ ದನಿಯಲ್ಲಿ, ಸದರಿ ಜಮೀನನ್ನು ನಾನು ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ, ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ವಾರಸುದಾರರ ಮಾತು ಬಂದಾಗ ಕಾಕಾನ ಹೆಂಡತಿ ಬಾಗಿಲ ಹಿಂದಿನಿಂದ ಒಳಗೆ ಸರಿದದ್ದು ಕಂಡಿತು. ಕಾಕಾ ಅವತ್ತಿನಂತೆಯೇ ರುಮಾಲು ತೆಗೆದು, ಕಿವಿ ನನ್ನ ಕಡೆ ಮಾಡಿ ನಿಂತಿದ್ದ. ನಾನು ಮುಗಿಸಿದ ಮೇಲೆ ಬಲಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

"ಕೇಳಿದೆ," ಅಂದ. "ಒತ್ತಂಗಿಲ್ಲ."